ದರ ಬದಲಾದ್ರೆ ಪರದೆಯೂ ಬದಲಾಗಲಿ: ವ್ಯೂ ಕಲಿಕೆಯ ಮೊದಲ ಪಾಠ

ಇವತ್ತಿನ ಮಾತು ವೆಬ್‌ಪುಟ ಕಟ್ಟೋದರ ಬಗ್ಗೆ. ವ್ಯೂ ಎಂಬ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್ ಕಲಿಯೋಕೆ ಕೂತವರಿಗೆ ಮೊದಲು ಎದುರಾಗೋದು ‘ಡಿಕ್ಲರೇಟಿವ್ ರೆಂಡರಿಂಗ್’. ಹೆಸರು ಕೇಳಿ ಹೆದರಬೇಡಿ. ಕೂಟಗಲ್ ಕಡೆಯ ರೇಷ್ಮೆ ಗೂಡಿನ ಲೆಕ್ಕ ಇಟ್ಟುಕೊಂಡೇ ಇದನ್ನು ಹೇಳ್ತೀನಿ.

ಕೂಟಗಲ್ ಹೋಬಳಿಯ ಬೆಳೆಗಾರರಿಗೆ ಹತ್ತಿರದ ದೊಡ್ಡ ಮಾರುಕಟ್ಟೆ ಅಂದ್ರೆ ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆ. ಅಲ್ಲಿ ಗೂಡು ಲಾಟ್ ಲೆಕ್ಕದಲ್ಲಿ ಹರಾಜಾಗುತ್ತೆ, ರೀಲರ್‌ಗಳು ಮೊಬೈಲ್‌ನಲ್ಲೇ ಬಿಡ್ ಹಾಕ್ತಾರೆ. ಬಂದ ದರ ಹಿಡಿಸದಿದ್ರೆ ರೈತರು ಬೇಡ ಅನ್ನಬಹುದು. ಆದರೆ ತುಂಬಾ ದಿನ ಕಾಯೋಕೂ ಆಗಲ್ಲ. ಚಿಟ್ಟೆ ಗೂಡು ಕೊರೆದು ಹೊರಗೆ ಬಂತು ಅಂದ್ರೆ ಎಳೆ ತುಂಡಾಗಿ ಗೂಡಿನ ಬೆಲೆಯೇ ಬಿದ್ದುಹೋಗುತ್ತೆ. ಹಾಗಾಗಿ ‘ಹೂಂ’ ಅನ್ನಬೇಕಾ, ‘ಉಹುಂ’ ಅನ್ನಬೇಕಾ ಅನ್ನೋದು ಆ ಕ್ಷಣದ ತೀರ್ಮಾನ.

ಈಗ ಅವರಿಗಾಗಿ ಒಂದು ಚಿಕ್ಕ ಪುಟ ಮಾಡ್ತೀವಿ ಅಂತಿಟ್ಟುಕೊಳ್ಳಿ. ತೂಕ 60 ಕೆ.ಜಿ., ದರ 500 ರೂಪಾಯಿ, ಒಟ್ಟು 30,000. ದರ 540 ಆಯ್ತು. ಹಳೇ ಪದ್ಧತಿಯಲ್ಲಿ ನಾವೇ ಒಂದೊಂದು ಆಜ್ಞೆ ಬರೀಬೇಕು: ದರ ಇರೋ ಜಾಗ ಹುಡುಕು, 540 ಬರಿ; ಒಟ್ಟು ಇರೋ ಜಾಗ ಹುಡುಕು, 32,400 ಬರಿ. ಎರಡನೇದು ಮರೆತರೆ? ಮೇಲೆ 540, ಕೆಳಗೆ ಅದೇ 30,000. ಒಂದೇ ಪರದೆಯಲ್ಲಿ ಎರಡು ಮಾತು. ಕೆಳಗಿನ ಅಂಕಿ ನೋಡಿ ‘ಬೇಡ’ ಅಂದವರಿಗೆ 2,400 ರೂಪಾಯಿ ಕಾಣಿಸಲೇ ಇಲ್ಲ!

ಡಿಕ್ಲರೇಟಿವ್ ಅಂದ್ರೆ ಆಜ್ಞೆ ಕೊಡೋದಲ್ಲ, ಪರದೆ ಹೇಗಿರಬೇಕು ಅಂತ ಒಂದೇ ಸಲ ಹೇಳಿಡೋದು. ವ್ಯೂನಲ್ಲಿ ಎರಡೆರಡು ಕರ್ಲಿ ಬ್ರಾಕೆಟ್ ನಡುವೆ ‘ದರ’ ಅಂತ ಬರೆದರೆ, ಈ ಜಾಗದಲ್ಲಿ ಯಾವಾಗಲೂ ಈಗಿನ ದರವೇ ಇರಲಿ ಅಂತ ಅರ್ಥ. ಅಂದಹಾಗೆ, ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು.

ಆದರೆ ಬರೀ ಬ್ರಾಕೆಟ್ ಸಾಲದು. ಸಾಮಾನ್ಯ ವೇರಿಯಬಲ್ ಬದಲಾದದ್ದು ವ್ಯೂಗೆ ಗೊತ್ತಾಗಲ್ಲ. 500 ಅನ್ನು ‘ರೆಫ್’ ಒಳಗೆ ಇಡಬೇಕು. ಆಗ ದರವನ್ನು ಯಾವ ಯಾವ ಜಾಗ ಬಳಸುತ್ತಿದೆ ಅನ್ನೋ ಲೆಕ್ಕ ವ್ಯೂ ಬಳಿ ಇರುತ್ತೆ, ಬದಲಾದಾಗ ಅಲ್ಲೆಲ್ಲ ತಾನೇ ತಿದ್ದುತ್ತೆ. ಹೊಸಬರು ಇಲ್ಲೇ ಎಡವೋದು: ಸ್ಕ್ರಿಪ್ಟ್ ಒಳಗೆ ಬೆಲೆ ಬದಲಿಸುವಾಗ ‘ದರ ಡಾಟ್ ವ್ಯಾಲ್ಯೂ’ ಅನ್ನಬೇಕು, ಟೆಂಪ್ಲೇಟ್‌ನಲ್ಲಿ ಬರೀ ‘ದರ’ ಸಾಕು.

ಇನ್ನು ಒಟ್ಟು ಮೊತ್ತ. ಅದನ್ನು ಬೇರೆ ರೆಫ್‌ನಲ್ಲಿ ಇಡಬೇಡಿ. ‘ಕಂಪ್ಯೂಟೆಡ್’ ಬಳಸಿ, ಒಟ್ಟು ಅಂದ್ರೆ ತೂಕ ಗುಣಿಸು ದರ ಅಂತ ಹೇಳಿ ಬಿಟ್ಟುಬಿಡಿ. ಲೆಕ್ಕ ಹಾಕಿ ಸಿಗೋದನ್ನು ಎರಡನೇ ಕಡೆ ಬರೆದಿಡಬಾರದು. ಇಡೀ ಪಾಠದಲ್ಲಿ ಒಂದೇ ಮಾತು ನೆನಪಿಡೋದಾದ್ರೆ ಇದನ್ನೇ ಇಟ್ಟುಕೊಳ್ಳಿ.

ಇದು ವ್ಯೂ ಒಂದರದ್ದೇ ವಿಚಾರ ಅಲ್ಲ. ಫೇಸ್‌ಬುಕ್ 2013ರಲ್ಲಿ ಎಲ್ಲರಿಗೂ ಮುಕ್ತ ಮಾಡಿದ ರಿಯಾಕ್ಟ್‌ನಲ್ಲೂ, ಇವಾನ್ ಯೂ 2014ರಲ್ಲಿ ಹೊರತಂದ ವ್ಯೂನಲ್ಲೂ ಬರೆಯೋ ರೀತಿ ಬೇರೆ, ಬುಡದ ಯೋಚನೆ ಒಂದೇ.

ಒಂದು ಎಚ್ಚರಿಕೆ. ಫ್ರೇಮ್‌ವರ್ಕ್ ನಾವು ಕೊಟ್ಟ ಅಂಕಿಯನ್ನು ತೋರಿಸುತ್ತೆ, ಆ ಅಂಕಿ ಸರಿಯಾ ಅಂತ ನೋಡಲ್ಲ. ನಿನ್ನೆಯ ದರ ಕೊಟ್ಟರೆ ನಿನ್ನೆಯ ಒಟ್ಟನ್ನೇ ಅಚ್ಚುಕಟ್ಟಾಗಿ ತೋರಿಸುತ್ತೆ. ಅದಕ್ಕೇ ದರದ ಪಕ್ಕದಲ್ಲಿ ಅದು ಯಾವ ದಿನದ್ದು, ಎಷ್ಟು ಗಂಟೆಯದ್ದು ಅಂತಲೂ ಹಾಕಿ.

ಶುರು ಮಾಡೋಕೆ ಲ್ಯಾಪ್‌ಟಾಪ್ ಬೇಕಂತಿಲ್ಲ. ಫೋನಿನ ಬ್ರೌಸರ್‌ನಲ್ಲೇ ‘ವ್ಯೂ ಪ್ಲೇಗ್ರೌಂಡ್’ ತೆರೆಯಿರಿ. ತೂಕಕ್ಕೊಂದು, ದರಕ್ಕೊಂದು ಇನ್‌ಪುಟ್ ಬಾಕ್ಸ್ ಇಟ್ಟು ‘ವಿ-ಮಾಡೆಲ್’ನಿಂದ ಜೋಡಿಸಿ. ದರ ಬದಲಿಸಿ ನೋಡಿ, ಒಟ್ಟು ತಾನಾಗೇ ಬದಲಾದ್ರೆ ಮೊದಲ ಪಾಠ ಮುಗೀತು. ಮುಂದಿನ ಸಂಚಿಕೆಯಲ್ಲಿ ಒಂದು ಲಾಟ್ ಬದಲು ಇಡೀ ದಿನದ ಲಾಟ್‌ಗಳ ಪಟ್ಟಿ ಮಾಡೋಣ.