ಗೇಟಿನಲ್ಲಿ ನಿಂತ ಹವಾಲ್ದಾರ್



ಕಳೆದ ತಿಂಗಳು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅನ್ನೋದು ಬೇಡ. ಗೇಟಿನಲ್ಲಿದ್ದ ಸೆಕ್ಯುರಿಟಿಯವರು ರಿಜಿಸ್ಟರ್ ಮುಂದಿಟ್ಟು ಸಹಿ ಹಾಕಿಸಿಕೊಂಡರು. ಅವರು ನಿಂತಿದ್ದ ರೀತಿ ನೋಡಿಯೇ ಕೇಳಿದೆ, "ಮಿಲಿಟರೀಲಿ ಇದ್ರಾ ಅಣ್ಣಾ?" ಹೌದಂತೆ. ಹದಿನೇಳು ವರ್ಷ ಸೇವೆ, ಹವಾಲ್ದಾರ್ ಆಗಿ ನಿವೃತ್ತಿ. ಊರು ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು. ಐನೂರು ವರ್ಷದ ಹಿಂದೆ ಕೃಷ್ಣದೇವರಾಯನ ಸೈನ್ಯಕ್ಕೇ ಎದುರು ನಿಂತ ಪಾಳೆಯಗಾರರ ಊರು ಅದು.

"ಕೆಲಸ ಹೆಂಗಿದೆ?" ಅಂದೆ.

"ಗಡೀಲಿ ನಿಂತಿದ್ದಾಗ ಹೆದ್ರಿಕೆ ಆಗ್ನಿಲ್ಲ ಕನಪ್ಪ. ಮಾರ್ಚ್ ಬಂದ್ರೆ ಹೆದ್ರಿಕೆ ಆಯ್ತದ."

ಮಾರ್ಚ್‌ಗೆ ಏಜೆನ್ಸಿಯ ಟೆಂಡರ್ ಮುಗಿಯುತ್ತೆ. ಹೊಸ ಏಜೆನ್ಸಿ ಇವರನ್ನು ಇಟ್ಟುಕೊಂಡರೂ ಉಂಟು, ಬಿಟ್ಟರೂ ಉಂಟು.

ಮಾಜಿ ಸೈನಿಕರಿಗೆ ಮೀಸಲಾತಿ ಇಲ್ವಾ ಅಂತ ನೀವು ಕೇಳಬಹುದು. ಇದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಶೇಕಡಾ 10. ವಯಸ್ಸಿನ ಮಿತಿಗೆ ಸೇನೆಯಲ್ಲಿದ್ದಷ್ಟು ವರ್ಷ, ಮೇಲೆ ಇನ್ನೂ 3 ವರ್ಷ ಸೇರಿಸಿ ಕೊಡ್ತಾರೆ. ಹಾಗಾದ್ರೆ ಎಡವಟ್ಟು ಎಲ್ಲಿ?

ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕಿ ನೋಡೋಣ. 50 ಹುದ್ದೆಗೆ ಅರ್ಜಿ ಕರೆದರೆ 5 ಮಾಜಿ ಸೈನಿಕರಿಗೆ. ಆದರೆ ಇದು ಸಮತಲ ಮೀಸಲಾತಿ. ಅಂದ್ರೆ ಆ 5 ಹುದ್ದೆ ಬೇರೆ ಡಬ್ಬಿಯಲ್ಲಿಲ್ಲ. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪ್ರವರ್ಗ 2ಎ, ಹೀಗೆ ಒಂದೊಂದರೊಳಗೆ ಹಂಚಿಹೋಗಿರುತ್ತೆ. ಆ ವರ್ಗದಲ್ಲಿ ಅರ್ಹ ಮಾಜಿ ಸೈನಿಕ ಸಿಗದಿದ್ದರೆ ಅದೇ ವರ್ಗದ ಬೇರೆ ಅಭ್ಯರ್ಥಿಗೆ ಹುದ್ದೆ ಹೋಗುತ್ತೆ. ಹದಿನೆಂಟಕ್ಕೆ ಪಿಯುಸಿ ಮುಗಿಸಿ ಸೇನೆ ಸೇರಿದವರು, ಮೂವತ್ತೈದು ದಾಟಿದ ಮೇಲೆ ಕೋಚಿಂಗ್ ತಗೊಂಡ ಹುಡುಗರ ಜೊತೆ ಕೂತು ಪರೀಕ್ಷೆ ಬರೀಬೇಕು. ಆಗದವರು ಗೇಟಿಗೆ ಬರ್ತಾರೆ.

ಗೇಟಿನ ಒಳಗೂ ಹೊರಗೂ ವ್ಯತ್ಯಾಸ ನೋಡಿ. ಒಳಗೆ ಕೂತ ಖಾಯಂ ನೌಕರರನ್ನು ವಿಚಾರಣೆ ಇಲ್ಲದೆ ವಜಾ ಮಾಡೋದು ಸುಲಭವಲ್ಲ, ಸಂವಿಧಾನದ 311ನೇ ವಿಧಿ ಕಾಯುತ್ತೆ. ದಿನಗೂಲಿ, ಗುತ್ತಿಗೆ ನೌಕರರಿಗೆ ಆ ರಕ್ಷಣೆಯಿಲ್ಲ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣದಲ್ಲಿ, ಅಂಥವರು ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವಂತಿಲ್ಲ ಎಂದಿತು. ನಮ್ಮ ಹವಾಲ್ದಾರರು ಅದಕ್ಕೂ ಆಚೆ. ಅವರ ಸಂಬಳದ ಚೀಟಿಯಲ್ಲಿ ಸರ್ಕಾರದ ಹೆಸರೇ ಇಲ್ಲ.

"ಪಿಂಚಣಿ ಬರುತ್ತಲ್ಲ, ಇನ್ನೇನು ಬೇಕು?" ಅಂತ ಕೆಲಸವಿಲ್ಲದ ಹುಡುಗ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಇಷ್ಟು. ರಾಜ್ಯದ ಗುಮಾಸ್ತರು 60ರವರೆಗೆ ದುಡಿಯುತ್ತಾರೆ. ಸೇನೆ ಯುವಕರದ್ದೇ ಆಗಿರಬೇಕು ಅಂತ ಸೈನಿಕರನ್ನು ನಾವೇ ನಡುವಯಸ್ಸಿಗೆ ಮನೆಗೆ ಕಳಿಸ್ತೀವಿ. ಮಕ್ಕಳು ಇನ್ನೂ ಶಾಲೆಯಲ್ಲಿರ್ತಾರೆ.

ಅಮೆರಿಕದಲ್ಲಿ 1944ರಿಂದ ಮಾಜಿ ಸೈನಿಕರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆಯ ಕಾನೂನಿದೆ. ಸಿಬ್ಬಂದಿ ಕಡಿತದಲ್ಲೂ ಅದು ಲೆಕ್ಕಕ್ಕೆ ಬರುತ್ತೆ. ಆದರೂ 2025ರ ಫೆಬ್ರವರಿಯಲ್ಲಿ ಪ್ರೊಬೇಷನ್‌ನಲ್ಲಿದ್ದ ಸಾವಿರಾರು ಜನರನ್ನು ತೆಗೆದಾಗ ಅವರಲ್ಲಿ ಮಾಜಿ ಸೈನಿಕರೂ ಇದ್ದರು. ಕಾನೂನಿದ್ದರೆ ಸಾಲದು, ನೀವು ಅದರ ಒಳಗಿರಬೇಕು.

ಇನ್ನು ಅಗ್ನಿವೀರರು. 2022ರ ಜೂನ್ 14ರಂದು ಘೋಷಣೆಯಾದ ಯೋಜನೆ. ಮೊದಲ ತಂಡದ ನಾಲ್ಕು ವರ್ಷ 2027ರ ಹೊತ್ತಿಗೆ ಮುಗಿಯುತ್ತೆ. ಸೇನೆ ಉಳಿಸಿಕೊಳ್ಳೋದು ಗರಿಷ್ಠ ಶೇಕಡಾ 25. ಉಳಿದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ನಮ್ಮ ರಾಜ್ಯದ ಶೇಕಡಾ 10ರಲ್ಲಿ ಅವರಿಗೆ ಜಾಗ ಇದೆಯೋ ಇಲ್ಲವೋ ಅಂತ ಅವರು ಬಸ್ಸಿಳಿಯೋ ಮೊದಲೇ ಸರ್ಕಾರ ಹೇಳಬೇಕು.

ಜೊತೆಗೆ ಎರಡು ಕೆಲಸ. ಪ್ರತಿ ನೇಮಕಾತಿಯಲ್ಲಿ ಮಾಜಿ ಸೈನಿಕರ ಹುದ್ದೆ ಎಷ್ಟಿತ್ತು, ಎಷ್ಟು ಬೇರೆಯವರಿಗೆ ಹೋಯ್ತು ಅಂತ ಪ್ರಕಟಿಸಿ. ಏಜೆನ್ಸಿ ಬದಲಾದರೂ ಕೆಲಸಗಾರ ಬದಲಾಗಬಾರದು ಅಂತ ಟೆಂಡರಿನಲ್ಲೇ ಒಂದು ಷರತ್ತು ಬರೀರಿ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಏಪ್ರಿಲ್‌ನಲ್ಲಿ ಅದೇ ಗೇಟಿಗೆ ಮತ್ತೆ ಹೋಗ್ತೀನಿ. ರಿಜಿಸ್ಟರ್ ಕೊಡೋರು ಯಾರು ಅಂತ ನಿಮಗೆ ಬಂದು ಹೇಳ್ತೀನಿ.