ಹೆದರಿಕೆ ಹೇಡಿತನವಲ್ಲ



2012ರ ನವೆಂಬರ್ 7ರಂದು ಧರ್ಮಪುರಿ ಪಕ್ಕದ ನತ್ತಂ ಕಾಲೊನಿಗೆ ಬೆಂಕಿ ಇಟ್ಟರು. ಮನೆ ಮತ್ತೆ ಕಟ್ಟಬಹುದು, ಎದೆಯ ನಡುಕ ಬೇಗ ಹೋಗಲ್ಲ. "ಅವನು ಗಟ್ಟಿಯಾಗಿದ್ದಾನೆ, ನಿನಗೇನಾಯ್ತು?" ಅಂತ ನಾವೇ ಕೇಳಿಬಿಡ್ತೀವಿ.

ಹೆದರಿದಾಗ ಮೈಯೊಳಗೆ ಒತ್ತಡದ ಹಾರ್ಮೋನು ಏರುತ್ತದೆ. ಅದನ್ನು ಹಿಡಿಯುವ ಗ್ರಾಹಕಗಳು ಮಿದುಳಿನಲ್ಲಿವೆ. ಜರ್ಮನಿಯಲ್ಲಿ ವಂಶವಾಹಿ ಬದಲಿಸಿ, ಈ ಗ್ರಾಹಕ ಅರ್ಧಕ್ಕಿಳಿದ ಇಲಿಗಳನ್ನು ಬೆಳೆಸಿದರು. 2005ರಲ್ಲಿ ವರದಿ ಬಂತು: ಮಾಮೂಲಿ ದಿನ ಅವೂ ಬೇರೆ ಇಲಿಗಳ ಹಾಗೇ, ಒತ್ತಡ ಬಿದ್ದ ಮೇಲೆ ಮಾತ್ರ ಬೇಗ ಕೈಚೆಲ್ಲಿದವು.

ಮನುಷ್ಯ ಇಲಿಯಲ್ಲ. ಇದು ಜಾತಿಯ ಮಾತೂ ಅಲ್ಲ. ಒಂದೇ ಮನೆಯ ಅಣ್ಣತಮ್ಮಂದಿರ ತಾಳಿಕೆ ಬೇರೆಬೇರೆ. ತಪ್ಪು ಹೊಡೆದವನದು, ನಡುಗಿದವನದಲ್ಲ. ನಿದ್ದೆ ಬಾರದ ಗೆಳೆಯನ ಜೊತೆ ಕೂತ್ಕೊಳ್ಳಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ದುಡ್ಡು ಬೇಕಿಲ್ಲ.