ಪುನರುತ್ಥಾನದ ನಂಬಿಕೆ ಮತ್ತು ಪಾದ್ರಿ ಡೇಮಿಯನ್

ಸತ್ತ ಮೇಲೆ ಸ್ವರ್ಗವುಂಟೆಂದು ನಂಬಿದವನು ಇಹದ ಸಂಕಟಗಳಿಗೆ ಉದಾಸೀನನಾಗುತ್ತಾನೆ ಎಂಬುದು ಧರ್ಮಗಳ ಮೇಲೆ ಬಹುಕಾಲದಿಂದ ಬಂದಿರುವ ಆಕ್ಷೇಪ. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಈಸ್ಟರ್ ಹಬ್ಬದಂದು ಕ್ರೈಸ್ತರು ಸ್ಮರಿಸುವುದು ಆತ್ಮದ ಅಮರತ್ವವನ್ನಲ್ಲ, ದೇಹದ ಪುನರುತ್ಥಾನವನ್ನು. ದೇಹವನ್ನು ಕಳಚಿ ಬಿಡುವ ಹಳೆಯ ಬಟ್ಟೆಗೆ ಹೋಲಿಸಿದ ಗೀತೆಯನ್ನು ಕೇಳುತ್ತ ಬೆಳೆದ ನಮಗೆ ಈ ವ್ಯತ್ಯಾಸ ಸುಲಭವಾಗಿ ಹಿಡಿಸದು. ಯೋಹಾನನ ಸುವಾರ್ತೆಯಲ್ಲಿ ಸಮಾಧಿಯಿಂದೆದ್ದ ಯೇಸು ಶಂಕಿಸಿದ ತೋಮನಿಗೆ ತನ್ನ ಕೈಗಳನ್ನು ತೋರುತ್ತಾನೆ. ಎದ್ದು ಬಂದ ದೇಹದಲ್ಲಿಯೂ ಮೊಳೆಯ ಗಾಯಗಳು ಉಳಿದಿವೆ!

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯ ಪುನರುತ್ಥಾನವನ್ನು ಕುರಿತ ದೀರ್ಘವಾದ ವಾದ. ಅದು ಮುಗಿಯುವುದು ಮಾಡುವ ಕೆಲಸ ವ್ಯರ್ಥವಾಗದೆಂಬ ಭರವಸೆಯಲ್ಲಿ. ಮುಂದಿನ ಅಧ್ಯಾಯ ತೊಡಗುವುದು ಯೆರೂಸಲೇಮಿನವರಿಗಾಗಿ ಹಣ ಕೂಡಿಸುವ ವಿಚಾರದಿಂದ. ಅಧ್ಯಾಯಗಳ ವಿಭಜನೆ ಪೌಲನದಲ್ಲವೆಂಬುದನ್ನು ತಾವು ಗಮನಿಸಬೇಕು. ಅವನಿಗೆ ಇವೆರಡೂ ಒಂದೇ ಉಸಿರಿನ ಮಾತು.

ಈ ನಂಬಿಕೆ ಬಾಳಿನಲ್ಲಿ ತಳೆದ ರೂಪವನ್ನು ಕಾಣಲು ಹವಾಯಿ ದ್ವೀಪಗಳಲ್ಲೊಂದಾದ ಮೊಲೊಕಾಯಿಯತ್ತ ನೋಡಬೇಕು. 1865ರ ಕಾನೂನಿನಂತೆ ಕುಷ್ಠರೋಗಿಗಳನ್ನು ಮನೆಮಂದಿಯಿಂದ ಬೇರ್ಪಡಿಸಿ ಆ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿದ್ದರು. ಮೂರು ಕಡೆ ಕಡಲು, ಬೆನ್ನಿಗೆ ಗೋಡೆಯಂತೆ ನಿಂತ ಬೆಟ್ಟ. 1873ರ ಮೇ 10ರಂದು ಬೆಲ್ಜಿಯಂ ದೇಶದ ಪಾದ್ರಿ ಡೇಮಿಯನ್ ಅಲ್ಲಿಯ ಕಲವಾವೊ ಎಂಬ ನೆಲೆಗೆ ಬಂದರು. ಆಗ ಅವರಿಗೆ 33 ವರ್ಷ. ಮೊದಲ ಕೆಲವು ರಾತ್ರಿಗಳನ್ನು ಕಳೆದದ್ದು ನಮ್ಮ ಕೇದಗೆಯ ಜಾತಿಗೆ ಸೇರಿದ ಒಂದು ಮರದಡಿಯಲ್ಲಿ.

ಲೋಕವು ಬದುಕಿರುವಾಗಲೇ ಸತ್ತವರ ಲೆಕ್ಕಕ್ಕೆ ಸೇರಿಸಿದ್ದ ಜನ ಅವರು. ಸತ್ತಾಗ ಪೆಟ್ಟಿಗೆಯಿಲ್ಲದೆ, ಆಳವಿಲ್ಲದ ಗುಂಡಿಗಳಲ್ಲಿ ಹೂಳಿಸಿಕೊಳ್ಳುತ್ತಿದ್ದರು. ಬಡಗಿಯ ಕೆಲಸ ಬಲ್ಲ ಡೇಮಿಯನ್ ತಾವೇ ಹಲಗೆ ಜೋಡಿಸಿ ನೂರಾರು ಶವಪೆಟ್ಟಿಗೆಗಳನ್ನು ಮಾಡಿದರು; ಗುಂಡಿ ತೋಡಿದರು; ಸ್ಮಶಾನಕ್ಕೆ ಬೇಲಿ ಕಟ್ಟಿದರು; ಶವಯಾತ್ರೆಗೆ ವಾದ್ಯಮೇಳವನ್ನೂ ಕೂಡಿಸಿದರು. ಹಸಿದವರಿರುವಲ್ಲಿ ಹೆಣಕ್ಕೇಕೆ ಇಷ್ಟು ಮರ್ಯಾದೆ ಎಂದು ಯಾರಾದರೂ ಕೇಳಬಹುದು. ಅವರ ಪಾಲಿಗೆ ಅದು ಮತ್ತೆ ಏಳಬೇಕಾಗಿದ್ದ ದೇಹ. ಹೆಣವೇ ಅಷ್ಟು ಮಾನ್ಯವಾದ ಮೇಲೆ ಉಸಿರಾಡುತ್ತಿರುವ ದೇಹವನ್ನು ಕೊಳೆಯಲು ಬಿಡುವುದು ಹೇಗೆ? ಅದೇ ಕೈಗಳು ಹುಣ್ಣು ತೊಳೆದು ಕಟ್ಟಿದವು, ಮನೆಗಳನ್ನು ಎಬ್ಬಿಸಿದವು, ಬೆಟ್ಟದ ನೀರನ್ನು ಕೊಳವೆಯಲ್ಲಿ ತಂದವು.

ಅದೇ 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಈ ರೋಗದ ಸೂಕ್ಷ್ಮಜೀವಿಯನ್ನು ಗುರುತಿಸಿದ್ದರು. ಫಲಕಾರಿಯಾದ ಔಷಧಕ್ಕೆ ಮಾತ್ರ 1940ರ ದಶಕದವರೆಗೆ ಕಾಯಬೇಕಾಯಿತು. ಎಂದರೆ, ಡೇಮಿಯನ್ನರ ಆರೈಕೆಯಿಂದ ಒಬ್ಬನೂ ಗುಣವಾಗುವಂತಿರಲಿಲ್ಲ. ಗುಣವಾಗುವವರನ್ನು ನೋಡಿಕೊಳ್ಳಲು ಮರುಕವೊಂದಿದ್ದರೆ ಸಾಕು. ಫಲವೇ ಕಾಣದ ಕಡೆ ಹದಿನಾರು ವರ್ಷ ನಿಲ್ಲಲು ಬೇರೆಯ ಆಧಾರ ಬೇಕು. ಅವರಿಗೆ ಆ ಆಧಾರವನ್ನು ಕೊಟ್ಟದ್ದು ಈಸ್ಟರಿನ ನಂಬಿಕೆಯೆಂದೇ ನನ್ನ ಎಣಿಕೆ. ಅವರೇನೂ ಸೌಮ್ಯ ಸ್ವಭಾವದವರಲ್ಲ. ಹಠಮಾರಿ, ಮೇಲಧಿಕಾರಿಗಳೊಡನೆ ಜಗಳವಾಡಿದವರು. ಅವರಿಗಿಂತ ಮೊದಲೇ ತಮ್ಮವರ ಜೊತೆಯಲ್ಲಿ ಅಲ್ಲಿಗೆ ಹೋಗಿ, ಸೇವೆ ಮಾಡಿ, ಹೆಸರಿಲ್ಲದೆ ಮಣ್ಣಾದ ಹವಾಯಿಯ ಜನರೂ ಇದ್ದರು. ಇದನ್ನು ಅವರ ಭಕ್ತರು ಮರೆಯುವುದುಂಟು.

1884ರ ಡಿಸೆಂಬರಿನಲ್ಲಿ ಕುದಿಯುವ ನೀರು ಕಾಲಿಗೆ ತಾಗಿದರೂ ಅವರಿಗೆ ನೋವಾಗಲಿಲ್ಲ. ರೋಗ ತಮ್ಮನ್ನೂ ಹಿಡಿದಿದೆಯೆಂದು ತಿಳಿದ ಬಳಿಕವೂ ಅವರು ಉಳಿಯನ್ನು ಕೆಳಗಿಡಲಿಲ್ಲ. 1889ರ ಏಪ್ರಿಲ್ 15, ಈಸ್ಟರಿನ ಹಿಂದಿನ ಸೋಮವಾರ, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಬ್ಬಕ್ಕೆ ಇನ್ನು ಆರು ದಿನಗಳಿದ್ದವು. ಬಂದಾಗ ಮಲಗಿದ್ದ ಅದೇ ಮರದ ಬುಡದಲ್ಲಿ ಅವರನ್ನು ಹೂಳಿದರು. 1936ರಲ್ಲಿ ಅವರ ದೇಹವನ್ನು ಬೆಲ್ಜಿಯಂಗೆ ಕೊಂಡೊಯ್ದರು. 1995ರಲ್ಲಿ ಬಲಗೈಯ ಅವಶೇಷ ಮಾತ್ರ ಹಿಂದಿರುಗಿ ಬಂದು ಕಲವಾವೊದ ಹಳೆಯ ಸಮಾಧಿಯನ್ನು ಸೇರಿತು.